ಅಡಿಗೊಂದು ನೂಲು

ಅಪ್ಪನ ಅಳತೆಪಟ್ಟಿಯಲ್ಲಿ ಅಡಿ ಅಂದರೆ ಅಡಿಯಲ್ಲ,
ಅಡಿಯ ಮೇಲೊಂದು ನೂಲು.
ಅದರಲ್ಲಿ ಲಂಗದ ಬಟ್ಟೆ ಅಳೆದು ಕತ್ತರಿಸಿ
ಅವ್ವನ ಕೈಲಿ ಬೈಸಿಕೊಂಡಿದ್ದೇನೆ.
'ಅದು ಮನೆಗಲ್ಲ ಕಣೇ, ಕಬ್ಬಿಣಕ್ಕೆ' ಅಂದಿದ್ದ ಅಪ್ಪ.
'ಕಾದದ್ದು ಆರುವಾಗ ಕುಗ್ಗುತ್ತೆ.
ಕುಗ್ಗುವಷ್ಟನ್ನ ಮೊದಲೇ ಮರದಲ್ಲಿ ಬಿಡಬೇಕು.'

ಭದ್ರಾವತಿಯ ಕಾರ್ಖಾನೆ, ಪ್ಯಾಟರ್ನ್ ಶಾಪು,
ಟೋಕನ್ ನಂಬರ್ ಸಾವಿರದ ನೂರಾ ಆರು, ಮೋನಪ್ಪಾಚಾರಿ.
ಮರದ ಗಾಲಿ, ಮರದ ಕವಾಟ, ಹಲ್ಲಿರುವ ಮರದ ಚಕ್ರ,
ಮರಳಲ್ಲಿ ಒತ್ತಿ ಮೆಲ್ಲಗೆ ಎತ್ತಿದರೆ
ಉಳಿಯುವುದು ಇಲ್ಲದ್ದರ ಆಕಾರ.
ಆ ಇಲ್ಲದ್ದಕ್ಕೆ ಕಬ್ಬಿಣ ಹೊಯ್ಯುತ್ತಾರೆ.

ನಾನು ಹಿಡಿದದ್ದೂ ಅದೇ ಕಸುಬು ಅಂದರೆ
ಕೇಳಲು ಚಂದ. ಪೂರ್ತಿ ನಿಜವಲ್ಲ.
ಅಪ್ಪನ ಗಾಲಿ ಎಲ್ಲೋ ಉರುಳುತ್ತಿತ್ತು.
ನನ್ನವು ಸಮೀಕರಣಗಳು,
ಅವಕ್ಕೊಂದು ಮೈ, ಮೈಗೆ ಗಂಟು, ಮಡಿಕೆ,
ಬೆರಳಿಟ್ಟರೆ ಚುಚ್ಚುವಂಥ ಮೊನೆ.
ಆ ಮೊನೆಗಳ ಪಕ್ಕ ಮೂವತ್ತೊಂದು ವರ್ಷ ಕೂತೆ
ಶಿವಮೊಗ್ಗದಲ್ಲಿ, ವಾರಕ್ಕೆ ಹದಿನೆಂಟು ಪೀರಿಯಡ್ ಮುಗಿಸಿ,
ಹಾಜರಿ ಕೂಡಿಸಿ, ಎನ್ನೆಸ್ಸೆಸ್ ಕ್ಯಾಂಪಿಗೆ ಅಕ್ಕಿ ಅಳೆದುಕೊಟ್ಟು.
ಒಂದು ಲೆಮ್ಮಾ ಬಿಡಿಸಿದ್ದು ಚುನಾವಣೆ ಡ್ಯೂಟಿಯಲ್ಲಿ,
ಹೊಸನಗರದಾಚೆಯ ಬೂತಿನಲ್ಲಿ,
ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ
ಒಬ್ಬ ಮತದಾರನೂ ಬಾರದ ಹೊತ್ತು.

ಹುಡುಗರಿಗೆ ಕೂಡ್ಲಿಯ ಉದಾಹರಣೆ ಕೊಡಬಾರದೆಂದು
ಎಷ್ಟು ಸಲ ನನಗೇ ಹೇಳಿಕೊಂಡಿದ್ದೇನೆ.
ಎರಡು ಹೊಳೆ ಸೇರಿ ಒಂದಾಗುವುದು ಬೇರೆ.
ಎರಡು ಗೆರೆ ಒಂದೇ ಬಿಂದುವನ್ನು ಹಾದು
ತಂತಮ್ಮ ದಿಕ್ಕು ಮರೆಯದೆ ಹೋಗುವುದು ಬೇರೆ.
ಬಿಂದುವನ್ನು ಕೀಳಿ, ದಿಕ್ಕಿಗೊಂದು ಜಾಗ ಕೊಡಿ,
ಗೆರೆಗಳು ಒಂದನ್ನೊಂದು ಮುಟ್ಟದೆ ನಿಲ್ಲುತ್ತವೆ.
ಇಷ್ಟೇ. ಇದರ ಮೇಲೆ ಒಂದು ಆಯುಷ್ಯ.

ತೊಂಬತ್ತೊಂದರಲ್ಲಿ ಪ್ರಮೇಯ ಸಿಕ್ಕಿತು.
'ಯಾವುದೇ ಆಯಾಮದಲ್ಲಿ' ಎಂದು ಬರೆದಿದ್ದೆ,
'ಯಾವುದೇ' ಅನ್ನುವ ಪದದ ಕೆಳಗೆ ಗೆರೆ ಎಳೆದು.
ರಿಜಿಸ್ಟರ್ಡ್ ಪೋಸ್ಟು. ನಾಲ್ಕು ತಿಂಗಳು.
ಮರಳಿ ಬಂದ ಕಾಗದದಲ್ಲಿ ಎರಡೇ ಸಾಲು:
ಹನ್ನೊಂದನೇ ಪುಟದಲ್ಲಿ ನೀವು 'ಸ್ಪಷ್ಟ' ಎಂದದ್ದು
ನಾಲ್ಕನೇ ಆಯಾಮದಲ್ಲಿ ಸುಳ್ಳು. ಉದಾಹರಣೆ ಹಿಂಬದಿಗೆ.
ಹಿಂಬದಿ ತಿರುಗಿಸಿದೆ.
ಪುಟ್ಟ ಉದಾಹರಣೆ. ಸುಂದರವಾಗಿತ್ತು ಕೂಡ.

ಊಟ ಬಿಟ್ಟಿದ್ದು ಕಂಡು ಅಪ್ಪ ಕೇಳಿದ.
ಎಲ್ಲಕ್ಕೂ ಅಂದಿದ್ದೆ, ಈಗ ಮೂರಕ್ಕೆ ಮಾತ್ರ ನಿಲ್ಲುತ್ತೆ, ಅಂದೆ.
'ಎಷ್ಟು ಬಿಟ್ಟಿದ್ದೆ?'
ಏನೂ ಬಿಟ್ಟಿರಲಿಲ್ಲ.
'ಕುಗ್ಗಿದೆ. ಒಡೆದಿಲ್ಲವಲ್ಲ' ಅಂದ,
ಮಜ್ಜಿಗೆಗೆ ಕೈ ಚಾಚಿದ.

ಮೂರಕ್ಕೆ ಮಾತ್ರವಾಗಿ ಅಚ್ಚಾಯಿತು.
ಇಷ್ಟು ವರ್ಷದಲ್ಲಿ ಐದು ಜನ ಅದನ್ನು ನೆನೆದಿದ್ದಾರೆ,
ಒಬ್ಬರು ಅಡಿಟಿಪ್ಪಣಿಯಲ್ಲಿ, 'ಕಾಳಮ್ಮ ತನ್ನ ಲೇಖನದಲ್ಲಿ
ತೋರಿಸಿದ್ದಾನೆ' ಎಂದು.

ಅಪ್ಪ ರಿಟೈರಾದ ಮೇಲೆ ನನ್ನ ಪುಸ್ತಕದ ಚಿತ್ರ ನೋಡಿ
ಹೆಬ್ಬಲಸಿನಲ್ಲಿ ಒಂದು ಮೈ ಕೆತ್ತಿದ.
ಮೂರನೇ ಘಾತದ್ದು. ಅದರ ಮೇಲೆ ಇಪ್ಪತ್ತೇಳು ನೇರ ಗೆರೆ
ಇರಲೇಬೇಕು ಅಂದೆ. ನಂಬಲಿಲ್ಲ.
'ಇಷ್ಟು ಬಳುಕಿದ್ದರ ಮೇಲೆ ನೆಟ್ಟನೆ ಗೆರೆಯೇ?'
ಉಕ್ಕಿನ ಪಟ್ಟಿಯ ಅಂಚು ಇಟ್ಟು, ದೀಪ ಹಿಂದೆ ಹಿಡಿದು,
ಸಂದಿಯಲ್ಲಿ ಬೆಳಕು ಇಣುಕದ್ದನ್ನು ನೋಡಿದ.
ಆಮೇಲೆ ಒಂಬತ್ತು ತಿಂಗಳು ಎಣಿಸಿದ.
ಇಪ್ಪತ್ತನಾಲ್ಕರಲ್ಲಿ ಒಮ್ಮೆ ನಿಂತು ಜಗಳಾಡಿದ.
ಇಪ್ಪತ್ತೇಳನೆಯದಕ್ಕೆ ಕೆಂಪು ದಾರ ಅಂಟಿಸಿದ,
ಕೊನೆಯದು ಅಂತಲ್ಲ, ಬಿಳಿ ದಾರ ಮುಗಿದಿತ್ತು.

ಕಾಲೇಜಿನ ಮೇಜಿನ ಮೇಲಿತ್ತು ಇಷ್ಟು ದಿನ.
ಅದರ ಕುಳಿಯಲ್ಲಿ ಹುಡುಗರು ಸೀಮೆಸುಣ್ಣ ಇಡುತ್ತಿದ್ದರು.
ಕೊನೆಯ ಬ್ಯಾಚಿನ ರುಖಿಯಾ ಅನ್ನುವವಳು
ದಾರದ ಮೇಲೆ ಬೆರಳು ಎಳೆಯುತ್ತ, 'ಮೇಡಂ,
ನಾಲ್ಕನೆಯದು ಒಡೆಯೋದು ಆ ಒಂದು ಕಡೆ ಮಾತ್ರ ಅಲ್ವಾ?' ಅಂದಳು.
ಗೊತ್ತಿಲ್ಲ ಅಂದೆ. ಗೊತ್ತಿರಲಿಲ್ಲ.
ಹಿಂಬದಿಯ ಉದಾಹರಣೆ ಅವಳಿಗೆ ಕೊಟ್ಟಿದ್ದೇನೆ.

ಮೊನ್ನೆ ಮನೆಗೆ ತಂದೆ. ಗೋಡೆಗೂಡಿಗೆ
ಒಂದು ಹಲಗೆ ಬೇಕಿತ್ತು, ಅಳೆದೆ, ಕೊಯ್ಸಿದೆ.
ಗೂಡು ಅಳೆದದ್ದು ಅಂಗಡಿಯ ಟೇಪಿನಲ್ಲಿ,
ಹಲಗೆಗೆ ಗುರುತು ಹಾಕಿದ್ದು ಅಪ್ಪನ ಪಟ್ಟಿಯಲ್ಲಿ.
ಎರಡಡಿ. ಎರಡು ನೂಲು ಜಾಸ್ತಿ.
ಕೂರಲಿಲ್ಲ. ಬೈಯಲು ಅವ್ವ ಇಲ್ಲ.
ಹತ್ತರಿಗೆ ಅಲಗಿಲ್ಲ, ಪೇಟೆಗೆ ಹೋಗಬೇಕು.