ಐವತ್ತೆಂಟು ಕೆ.ಜಿ.

ಗುತ್ತಲು ರಸ್ತೆಯ ನನ್ನ ಶೆಡ್ಡಿನಲ್ಲಿ ಅಲೈನ್‌ಮೆಂಟಿನ ಯಂತ್ರವಿಲ್ಲ.
ನಾಲ್ಕು ಸ್ಟ್ಯಾಂಡು, ಗಾರೆಯವನು ಬಿಟ್ಟುಹೋದ ನೈಲಾನ್ ದಾರ,
ಉಕ್ಕಿನ ಸ್ಕೇಲು, ಗುಳ್ಳೆ ತೇಲುವ ಮಟ್ಟಗೋಲು.
ಮುಂದಿನ ಚಕ್ರಗಳಡಿ ಜೋಡಿ ಜೋಡಿ ಟೈಲ್ಸು,
ಟೈಲ್ಸಿನ ನಡುವೆ ಒಂದೊಂದು ಹಿಡಿ ಸಕ್ಕರೆ,
ಚಕ್ರ ಸಲೀಸಾಗಿ ತಿರುಗಲಿ ಅಂತ.
ಮಂಡ್ಯದಲ್ಲಿ ಮರಳಿಗಿಂತ ಸಕ್ಕರೆ ಬೇಗ ಸಿಗುತ್ತದೆ.
ಇರುವೆ ಬರುವ ಮೊದಲು ಕೆಲಸ ಮುಗಿಯಬೇಕು.

ಹಳದಿ ಕಾರು, ಎರಡೇ ಸೀಟು, ನೆಲಕ್ಕೂ ಹೊಟ್ಟೆಗೂ ಗೇಣಿಲ್ಲ.
ಡಾಕ್ಟರ್ ಬೊಳ್ಳಮ್ಮನದು. ವಾರವೆಲ್ಲ ಜನರ ಹಲ್ಲು,
ಭಾನುವಾರ ಮೈದಾನದಲ್ಲಿ ಕೋನುಗಳ ನಡುವೆ ಆಟೋಕ್ರಾಸು,
ಬರುವ ತಿಂಗಳು ಕೊಯಮತ್ತೂರಿನ ಟ್ರ್ಯಾಕು.
ಕೀಲಿ ಕೊಡುತ್ತಾ ಅಂದರು:
"ಬಲಕ್ಕೆ ತಿರುಗಿಸಿದರೆ ಮೂತಿ ನೇರಕ್ಕೇ ಹೋಗುತ್ತೆ,
ಮಾತು ಕೇಳಲ್ಲ."

ಖಾಲಿ ಸೀಟಿನಲ್ಲಿ ಅಳೆದದ್ದು ಅಳತೆಯಲ್ಲ.
ಓಡಿಸುವವರು ಕೂತರೆ ಸ್ಪ್ರಿಂಗು ಕುಗ್ಗುತ್ತದೆ,
ಆ ಮೂಲೆಯ ಚಕ್ರ ಕೂದಲೆಳೆಯಷ್ಟು ವಾಲುತ್ತದೆ.
ಸೈಫುಲ್ಲಾ ಎಪ್ಪತ್ತೆರಡು ಕೆ.ಜಿ. ನನ್ನದು ಹೇಳುವ ಹಾಗಿಲ್ಲ.
ಬೆಲ್ಲದ ಪಿಂಡಿ ಜೋಡಿಸಿದರೆ ಜಾರುತ್ತವೆ.
ಊಟದ ಡಬ್ಬಿ ತಂದ ಅವ್ವನನ್ನು ಕೈಹಿಡಿದು ಕರೆದೊಯ್ದು
ಎದುರಿನ ಗುಜರಿ ಅಂಗಡಿಯ ತೂಕದ ಮೇಲೆ ನಿಲ್ಲಿಸಿದೆ.
ಐವತ್ತೆಂಟು. ಡಾಕ್ಟರ್ ಬರೆದುಕೊಟ್ಟಷ್ಟೇ.

"ಥೂ, ಗುಜ್ರಿಗೆ ಹಾಕ್ತಿಯೇನ್ಲಾ ನನ್ನ?"
ಅನ್ನುತ್ತಲೇ ಇಳಿದಳು ಬಕೆಟ್ ಸೀಟಿಗೆ,
ಬಾವಿಗೆ ಇಳಿಯುವವಳ ಹಾಗೆ ಒಂದೊಂದೇ ಕಾಲು.
ಮಡಿಲಲ್ಲಿ ಸೊಗಡಿನ ಅವರೆಕಾಯಿ.
"ಸುಮ್ಕೆ ಕೂರಕಾಯ್ತದಾ? ಸುಲೀತಿನಿ ತಗೊ."
ಅವರೆಕಾಯಿಯ ತೂಕ ಹೆಲ್ಮೆಟ್ಟಿಗೆ ಸರಿಹೋಯಿತು
ಅಂದುಕೊಂಡೆ.

ದಾರ ಎಳೆದು ಕೂತೆ.
ಮುಂದೆ, ಚಕ್ರದ ನೆತ್ತಿ ಒಳಕ್ಕೆ ಎರಡೂಮುಕ್ಕಾಲು ಡಿಗ್ರಿ;
ಹಿಂದೆ ಎರಡು, ಎರಡಕ್ಕೆ ತುಸು ಕಮ್ಮಿ.
ಮುಂದಿನ ಮೂಗು ಹೊರಕ್ಕೆ ಒಂದೊಂದು ಮಿಲಿಮೀಟರು,
ತಿರುವು ಕಂಡೊಡನೆ ನುಗ್ಗಲಿ;
ಹಿಂದಿನವು ಒಳಕ್ಕೆ, ಅರ್ಧವೇ ಅರ್ಧ,
ಬಾಲ ಬೀಸದಿರಲಿ.
ಕ್ಯಾಂಬರ್ ಮುಟ್ಟಿದರೆ ಟೋ ಮುನಿಯುತ್ತದೆ.
ಟೈ ರಾಡಿನ ನಟ್ಟು ಕಾಲು ಸುತ್ತು,
ಬಾನೆಟ್ಟು ಒತ್ತಿ ಬಿಟ್ಟು ಮತ್ತೆ ಅಳೆ.
ಗುಳ್ಳೆ ಇನ್ನೇನು ಗೆರೆಗಳ ನಡುವೆ ನಿಂತಿತು, ನಿಂತಿತು,
ಓಡಿತು.

"ಅಲ್ಲಾಡ್ಬ್ಯಾಡ ಕಣವ್ವ!"
"ಸಿಪ್ಪೆ ಎಲ್ಲಿಗ್ಲಾ ಎಸೀಲಿ?"
ಅಲ್ಲಿಂದಾಚೆ ಸೈಫುಲ್ಲಾ ಕಿಟಕಿಯ ಬಳಿ
ಬಕೆಟ್ಟು ಹಿಡಿದು ನಿಂತ, ಮದುವೆಮನೆಯಲ್ಲಿ ಕೈತೊಳೆಸುವವನ ಹಾಗೆ.
ಹೊರಗೆ ಕಬ್ಬಿನ ಟ್ರ್ಯಾಕ್ಟರು ಹೋದಾಗಲೆಲ್ಲ
ದಾರ ನಡುಗುವುದು, ನಿಲ್ಲುವತನಕ ನಾವು ಮೂವರೂ ಕಾಯುವುದು.

ಇಳಿದವಳು ಸೊಂಟ ಹಿಡಿದುಕೊಂಡು ಮುಂದೆ ಬಂದು ನೋಡಿದಳು.
"ಚಕ್ರ ಸೊಟ್ಟ ಅವೆ."
ನಾನು ವಿವರಿಸಲು ಬಾಯಿ ತೆರೆದೆ:
ತಿರುವಿನಲ್ಲಿ ಮೈ ವಾಲುತ್ತದೆ, ಟೈರಿನ ಹೊರಅಂಚು...
"ಗೊತ್ತು ಬುಡು. ಕಬ್ಬಿನ ಹೊರೆ ಎತ್ತುಸ್ಕೊಳಾವಾಗ
ನಾವೂ ಹಿಂಗೇ ಕಾಲಗಲಿಸಿ ನಿಲ್ತಿದ್ದೊ.
ಹೊರೆ ಬಿದ್‌ಮೇಲೆ ನೆಟ್ಟಗಾಗದು."
ಡಬ್ಬಿ ಎತ್ತಿಕೊಂಡು ಹೊರಟಳು.
ಟೈಲ್ಸಿನ ಅಂಚಿನಲ್ಲಿ ಆಗಲೇ ಇರುವೆಗಳ ಸಾಲು,
ನನ್ನ ದಾರಕ್ಕಿಂತ ನೇರ.

ಭಾನುವಾರ ಮೈದಾನದ ಧೂಳಿನಂಚಿಗೆ ಕಾರು ಬಂದು ನಿಂತಿತು.
ಟೈರಿನ ಮೇಲೆ ಅಂಗೈಯಿಟ್ಟೆ: ಹೊರಅಂಚು, ನಡು, ಒಳಅಂಚು.
ಮೊದಲೆಲ್ಲ ಹೊರಗಷ್ಟೇ ಹೆಂಚಿನ ಹಾಗೆ ಸುಡುತ್ತಿತ್ತು.
ಈಗ ಒಂದೇ ಬಿಸಿ, ಒಳಗೆ ಚೂರು ಜಾಸ್ತಿ.
ಬೊಳ್ಳಮ್ಮ ಹೆಲ್ಮೆಟ್ಟು ತೆಗೆದರು. ನಗಲಿಲ್ಲ.
"ಮೂರನೇ ಸುತ್ತು, ಬಲ ತಿರುವು, ಹೇಳಿದ ಹಾಗೆ ತಿರುಗಿತು.
ಆಗ ಸೀಟಿನಡಿಯಿಂದ ಏನೋ ಎಡಕ್ಕೆ ಉರುಳಿತು.
ಬೋಲ್ಟು ಕಳಚಿತು ಅಂತ ಕಾಲೆತ್ತಿದೆ. ಅರ್ಧ ಸೆಕೆಂಡು ಹೋಯ್ತು."
ಗ್ಲೌಸಿನ ಮುಷ್ಟಿ ಬಿಚ್ಚಿದರು.
ಒಂದು ಅವರೆಕಾಳು.

ನಾನು ಬಗ್ಗಿ ಟೈರಿನ ಗಾಳಿ ನೋಡತೊಡಗಿದೆ.