ಹಳದಿ ಬೊಟ್ಟು

ಜೆ.ಸಿ. ರೋಡಿನ ಹಿಂದಿನ ಗಲ್ಲಿ, ಇನಾಯತ್ ಗ್ಯಾರೇಜು.
ಲಿಫ್ಟಿನ ಮೇಲೆ ಡಾಜ್ ಚಾರ್ಜರ್, ಡೆಟ್ರಾಯಿಟ್ ಕಡೆಯದು,
ಎಪ್ಪತ್ತನೇ ಇಸವಿ, ನನಗಿಂತ ಎರಡು ವರ್ಷ ಚಿಕ್ಕದು.
ಅದರ ಹೊಟ್ಟೆಯಡಿ
ಬ್ರಷ್ಷು ಬಾಯಲ್ಲಿ ಕಚ್ಚಿ ಅಂಗಾತ ಮಲಗಿದ್ದೇನೆ.

ಎದೆಯ ಮೇಲೆ ಚಿಟ್ಟಿಯಪ್ಪನವರು ಕೊಟ್ಟ ಫೋಟೋ ಹಾಳೆ:
ಸ್ಟಿಯರಿಂಗ್ ಬಾಕ್ಸಿನ ಮೂರು ಬೋಲ್ಟಿಗೆ ಹಳದಿ ಬೊಟ್ಟು,
ಶಾಫ್ಟಿಗೆ ಎರಡು ಪಟ್ಟೆ, ಒಂದು ಹಸಿರು, ಒಂದು ಬಿಳಿ,
ಎಂಜಿನ್ನಿನ ಹಿಂದಿನ ಗೋಡೆಗೆ ಮೇಣದ ಕಡ್ಡಿಯಲ್ಲಿ ಗೀಚಿದ,
ಒಂದೋ ಏಳೋ ಗೊತ್ತಾಗದ ಅಂಕಿ.
‘ಫ್ಯಾಕ್ಟರಿಯಿಂದ ಬಂದ ಹಾಗೇ ಇರಬೇಕು ಚೌರಪ್ಪ,
ಚಂದ ಮಾಡಬೇಡ.’

ಚಂದ ಮಾಡಬೇಡ ಅಂತ ಒಬ್ಬರು ಹೇಳಿದ್ದು
ಈ ಕಸುಬಿನಲ್ಲಿ ಇದೇ ಮೊದಲು.

ಮೂವತ್ತು ವರ್ಷ ನಂಬರ್ ಪ್ಲೇಟು ಬರೆದೆ.
ಮಿನರ್ವ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುತ್ತಾ ನಿಂತರೆ
ಆಟೋಗಳ ಬೆನ್ನಿನಲ್ಲಿ ನನ್ನ ಎಂಟು ಸಿಗುತ್ತಿತ್ತು,
ಮೇಲಿನ ಸೊನ್ನೆ ಸಣ್ಣದು, ಕೆಳಗಿನದು ತುಂಬು ಬಸುರಿ.
ಆಮೇಲೆ ಮೆಷಿನ್ನು ತಗಡಿಗೆ ಗುದ್ದಿ ಅಕ್ಷರ ಎಬ್ಬಿಸತೊಡಗಿತು.
ಟರ್ಪೆಂಟೈನ್ ಡಬ್ಬಿಯಲ್ಲಿ ನಿಂತೇ ಒಣಗಿದವು
ಅಳಿಲಿನ ಬಾಲದ ಬ್ರಷ್ಷುಗಳು.

ಈಗ ಇದು:
ಯಾರದೋ ಅವಸರವನ್ನು
ನಿಧಾನವಾಗಿ ನಕಲು ಮಾಡುವ ಕೆಲಸ.

ಮೊದಲ ಬೊಟ್ಟು ದುಂಡಗೆ ಬಂತು,
ಮದುಮಗಳ ಹಣೆಗಿಟ್ಟ ಹಾಗೆ.
ಇನಾಯತ್ ಬಗ್ಗಿ ನೋಡಿ ನಕ್ಕ:
‘ಕಾರಿಗೇನು ನಿಶ್ಚಿತಾರ್ಥವಾ ಅಣ್ಣ?’
ಥಿನ್ನರ್ ಹಚ್ಚಿ ಒರೆಸಿದೆ.
ಎರಡನೆಯದನ್ನು ಬೇಕೆಂದೇ ಕೆಡಿಸಿದೆ.
ಬೇಕೆಂದು ಕೆಡಿಸಿದ್ದು ಮೈಲಿ ದೂರಕ್ಕೂ ಕಾಣುತ್ತದೆ,
ಕುಡಿಯದವನು ತೂರಾಡಿದ ಹಾಗೆ.
ಮತ್ತೆ ಥಿನ್ನರ್. ಕಣ್ಣೆಲ್ಲ ಉರಿ.

ಫೋಟೋವನ್ನು ಟಾರ್ಚಿನ ಕೆಳಗೆ ಹಿಡಿದೆ.
ಬೊಟ್ಟಿನ ಬಾಲ ಎಡದಿಂದ ಎಳೆದದ್ದು.
ಮೂರೂ ಬೊಟ್ಟಿನದೂ ಹಾಗೇ.
ಅಯ್ಯೋ, ಎಡಚ ಕಣಪ್ಪ ನೀನು!

ಅವನು ನಿಂತಿದ್ದು ಕಾಣಿಸಿತು:
ಮೇಲೆ ಸಾಲಾಗಿ ತೂಗುತ್ತ ಬರುವ ಕಬ್ಬಿಣ,
ನಿಮಿಷಕ್ಕೊಂದು ಕಾರು, ಬಲಗೈಯಲ್ಲಿ ಸ್ಪ್ಯಾನರು,
ಎಡಗೈಯಲ್ಲಿ ಬಣ್ಣದ ಡಬ್ಬಿಗೆ ಅದ್ದಿದ ಕಡ್ಡಿ.
ಮುಖ ಮಾತ್ರ ಕಾಣಲಿಲ್ಲ. ಊಟದ ಗಂಟೆ ಹತ್ತಿರವಿತ್ತೇನೋ.

ನಾನೂ ಹುಟ್ಟಿದ್ದು ಎಡಚನಾಗಿಯೇ.
ಒಂದನೇ ಕ್ಲಾಸಿನ ಸಿಸ್ಟರು ಮರದ ಸ್ಕೇಲಿನ ಅಂಚಿನಿಂದ
ಗೆಣ್ಣಿಗೆ ಹೊಡೆದು ಹೊಡೆದು
ಬಳಪವನ್ನು ಬಲಕ್ಕೆ ದಾಟಿಸಿದರು.
ಅಂದಿನಿಂದ ಎಲ್ಲ ಚಂದವನ್ನೂ ಕಲಿತದ್ದು ಬಲಗೈ.
ಎಡಗೈ ಬರೀ ಡಬ್ಬಿ ಹಿಡಿಯಿತು.

ಬ್ರಷ್ಷನ್ನು ಎಡಗೈಗೆ ತೆಗೆದುಕೊಂಡೆ.
ಐವತ್ತು ವರ್ಷದ ಮೇಲೆ. ಬೆರಳು ಸ್ವಲ್ಪ ನಡುಗಿತು,
ಸಿಸ್ಟರು ಎಲ್ಲೋ ಹಿಂದೆ ನಿಂತಿರುವ ಹಾಗೆ.
ಗುಜರಿ ತಗಡಿನ ಮೇಲೆ ಒತ್ತಿದೆ. ಜಾರಿತು. ಬಾಲ ಬಂತು.
ಅದೇ ಬೊಟ್ಟು!
ಅಕ್ಷರ ಕಲಿಯದ ಕೈಗೆ
ಅವಸರ ಮಾತ್ರ ಮರೆತಿರಲಿಲ್ಲ.

ಈಗ ಬೋಲ್ಟಿಗೆ.
ಇನ್ನೇನು ಒತ್ತಬೇಕು, ಯಾಕೋ
ಬೆರಳಿನಿಂದ ತಿರುಗಿಸಿ ನೋಡಿದೆ.
ಅಲುಗಿತು.

‘ಇನಾಯತ್, ಇದು ಬಿಗಿ ಮಾಡಿಲ್ಲ.’
‘ಸೋಮವಾರ ಮಾಡ್ತೀನಣ್ಣ. ನೀನು ಬೊಟ್ಟಿಟ್ಟು ಹೋಗು,
ಬಣ್ಣ ತಾನೇ?’

ಬಣ್ಣ ತಾನೇ.
ಚಿಟ್ಟಿಯಪ್ಪನವರು ಅಳೆಯುವುದು ಅಗಲ, ಬಾಲ, ಹಳದಿಯ ಛಾಯೆ.
ಫೋಟೋದಲ್ಲಿ ಬಿಗಿ ಕಾಣುವುದಿಲ್ಲ.
ಆದರೆ ಆ ಎಡಚ ಬರೆದದ್ದು ಬಣ್ಣವಲ್ಲ:
ನೋಡಿದ್ದೇನೆ, ಭದ್ರವಾಗಿದೆ, ಮುಂದಕ್ಕೆ ಹೋಗಲಿ
ಅನ್ನುವ ಮಾತು. ಅವನ ಭಾಷೆ ನನಗೆ ಬರದು,
ಆದರೂ ಈ ಒಂದು ಮಾತು ಬರುತ್ತೆ.

‘ಸ್ಪ್ಯಾನರ್ ಕೊಡೋ ಇಲ್ಲಿ.’

ಗೊಣಗುತ್ತ ಕೊಟ್ಟ.
ಮುಕ್ಕಾಲು ಸುತ್ತು ಬಂತು, ಆಮೇಲೆ ಕಟ್ಟೆನ್ನುವ ಸದ್ದು.
ಎಡಗೈಯಿಂದ ಒಂದು ಬೊಟ್ಟು,
ಹೇಗೆ ಬಂತೆಂದು ತಿರುಗಿ ನೋಡದೆ
ಎರಡನೇ ಬೋಲ್ಟಿಗೆ ಸರಿದೆ.