ಮೂರನೇ ಮಹಡಿಯ ಅರಳಿ

ರಂಗೂನಿನ ಹಳೇಪೇಟೆ, ಪನ್ಸೋಡಾನ್ ಬೀದಿಯಿಂದ ಎರಡು ತಿರುವು ಒಳಗೆ,
ಒಂದೊಂದು ಬಾಲ್ಕನಿಯಿಂದಲೂ ಇಳಿಬಿದ್ದ ಹಗ್ಗ.
ತುದಿಗೊಂದು ಕ್ಲಿಪ್ಪು: ಪತ್ರಿಕೆ, ಸಾಲದ ಚೀಟಿ, ಅರ್ಧ ಕಟ್ಟು ಸೊಪ್ಪು
ಹಾಗೇ ಮೇಲೇರುತ್ತವೆ.
ಮೆಟ್ಟಿಲನ್ನು ನಂಬುವವರು ಇಲ್ಲಿ ಕಮ್ಮಿ.

ನನ್ನ ಕೆಲಸ, ಬ್ಲೇಡು ಹಿಡಿದು ಗೋಡೆ ಕೆರೆಯುವುದು.
ಉಗುರಗಲದ ಕಿಂಡಿ ಸಾಕು.
ಮೇಲೆ ಮುನಿಸಿಪಾಲಿಟಿಯ ಹಳದಿ,
ಅದರಡಿ ಯಾರದೋ ಮದುವೆಯ ಗುಲಾಬಿ,
ಅದರಡಿ ಯುದ್ಧಕಾಲದ ಮಸಿ,
ಕೊನೆಗೆ, ಗಾರೆಯ ಮೈಗೇ ಅಂಟಿಕೊಂಡು, ಮೈಲುತುತ್ತದ ನೀಲಿ.
ಇದೇ ಮೂಲ ಎಂದು ಬರೆದುಕೊಂಡೆ.
ಬರೆದ ಮೇಲೆ ಪೆನ್ನು ತಡೆಯಿತು:
ಯಾರ ಮೂಲ?

ಡೋ ನ್ಯುನ್ ವೇ ಹೊಸ್ತಿಲಲ್ಲೇ ನಿಂತು ಕೇಳಿದಳು,
"ಯಾವ ವರ್ಷಕ್ಕೆ ವಾಪಸು ಒಯ್ಯುತ್ತೀರಿ ಈ ಮನೆಯನ್ನು?
ಸಾವಿರದ ಒಂಬೈನೂರ ಹನ್ನೊಂದಕ್ಕಾದರೆ ನಾನು ಹೊರಗೆ.
ಆಗ ನಮ್ಮಂಥವರು ಬರುತ್ತಿದ್ದದ್ದು ಹಿಂದಿನ ಕಬ್ಬಿಣದ ಏಣಿಯಿಂದ,
ಬಕೆಟ್ಟು ಹಿಡಿದು.
ನೀಲಿ ಬಳಿಯಿರಿ, ಬೇಡ ಅನ್ನಲಾರೆ;
ಮೊದಲು ಸೋರುವುದನ್ನು ನಿಲ್ಲಿಸಿ."
ಹಾಸಿಗೆಯ ಸುತ್ತ ಏಳು ತಪ್ಪಲೆ.
ಒಂದಕ್ಕೆ ಮಾತ್ರ ಮುಚ್ಚಳ. ಅದರಲ್ಲಿ ಅನ್ನ.

ಎದುರಿನ ಕಟ್ಟಡವನ್ನು ಹೋದ ವರ್ಷ ಕೆಡವಿದರು.
ಅಲ್ಲೀಗ ಹನ್ನೆರಡು ಅಂತಸ್ತಿನ ಗಾಜು,
ನಮ್ಮ ಬಿರುಕು ನಮಗಿಂತ ಚೆನ್ನಾಗಿ
ಅದಕ್ಕೇ ಕಾಣುತ್ತದೆ.

ಬಿರುಕಿನಲ್ಲಿ ಅರಳಿ.
ಹಕ್ಕಿ ಬಿಟ್ಟು ಹೋದ ಬೀಜ, ಈಗ ಬೇರು ಹೆಬ್ಬಾವಿನ ಗಾತ್ರ.
ಕಡಿದರೆ ಗೋಡೆ ಉಳಿದೀತು ಎಂದಿತ್ತು ವರದಿ.
ಬರೆದವಳು ನಾನೇ.
ಮೇಸ್ತ್ರಿ ಕೋ ಸೆಲ್ವಂ ಕಿವಿಯಾನಿಸಿ ಗೋಡೆ ತಟ್ಟಿದ,
ಕಲ್ಲಂಗಡಿ ತಟ್ಟುವ ಹಾಗೆ.
"ಗಾರೆ ಸತ್ತು ಬಹಳ ಕಾಲವಾಯಿತು ತಾಯೀ.
ಇಟ್ಟಿಗೆ ನಿಂತಿರುವುದು ಮರದ ಮುಷ್ಟಿಯಲ್ಲಿ.
ಬಿಡಿಸಿದಿರೋ, ಬೀದಿಗೆ ಬರುತ್ತದೆ."
ಸೀಳಿದ್ದೂ ಅದೇ,
ಅವುಚಿ ಹಿಡಿದದ್ದೂ ಅದೇ.
ಬುಡದಲ್ಲೊಂದು ಲೋಟ ನೀರು, ಎರಡು ಮಲ್ಲಿಗೆ;
ಡೋ ನ್ಯುನ್ ವೇ ದಿನವೂ ಇಡುವ ಮುಡಿಪು.

ಕಡಿಯಲಿಲ್ಲ. ಬಿಡಲೂ ಇಲ್ಲ.
ಕೆಳಗೆ ಪೀಪಾಯಿಯಲ್ಲಿ ಸುಣ್ಣ ನೆನೆಹಾಕಿದೆವು,
ಬೆಲ್ಲದ ನೀರು ಹೊಯ್ದು, ದಿನಕ್ಕೆರಡು ಸಲ ಕಲಕಿ.
ಬೇರು ಗೇಣು ಸವರಿದ ಕಡೆ ಗೇಣು ಗಾರೆ.
ಅದು ಬಲಿಯುವವರೆಗೆ ಕಾಯುವುದು.
ಆಮೇಲೆ ಮತ್ತೊಂದು ಗೇಣು.
ಕೋ ಸೆಲ್ವಂ ಬೀಡಿ ಹಚ್ಚಿ ಲೆಕ್ಕ ಹಾಕಿದ: ಆರು ವರ್ಷ,
ಮರ ಒಪ್ಪಿದರೆ.
ಕಛೇರಿಯ ಫಾರಮಿನಲ್ಲಿ 'ಮುಗಿಯುವ ದಿನಾಂಕ' ಎಂಬಲ್ಲಿ
ಒಂದು ಗೆರೆ ಎಳೆದೆ.

ಮಾಡು ಮಾತ್ರ ಬೇಗ ಮುಗಿಯಿತು, ಅರ್ಧ.
ಮೊನ್ನೆ ಸಂಜೆ ತಲೆಯ ಮೇಲೆ ಹಗ್ಗ ಅಲುಗಿತು.
ಕ್ಲಿಪ್ಪಿನಲ್ಲಿ ಚೀಟಿ, ದಪ್ಪ ದಪ್ಪ ಅಕ್ಷರ:
"ಈಗ ನಾಲ್ಕೇ ತಪ್ಪಲೆ ಸಾಕು.
ಮೂರು ಖಾಲಿ ಇವೆ.
ಸುಣ್ಣ ಕಲಸಲು ಬೇಕಿದ್ದರೆ, ಬಂದು ಒಯ್ಯಿರಿ."